ಉಗುರಗಲ

ವಿರಾಜಪೇಟೆ ಗಡಿಯಾರ ಕಂಬದ ಹಿಂದಿನ ಓಣಿ,
ಹದಿನಾರು ಮೆಟ್ಟಿಲು ಹತ್ತಿದರೆ ನನ್ನ ಸ್ಟುಡಿಯೋ.
ಕ್ಯಾಮೆರಾ ಮಲಗುವ ಮರದ ಪೆಟ್ಟಿಗೆಯೊಳಗೆ
ಹಗಲೂ ಇರುಳೂ ಒಂದು ಹದಿನೈದರ ಬಲ್ಬು,
ಬಾಣಂತಿ ಕೋಣೆಯ ಹಾಗೆ.
ಈ ಊರಲ್ಲಿ ಬೆಲ್ಟಿಗೆ ಬೂಷ್ಟು, ಪಾಸ್‌ಬುಕ್ಕಿಗೆ ಬೂಷ್ಟು,
ಲೆನ್ಸಿನ ಗಾಜಿನಲ್ಲೂ ಬೇರು ಬಿಡುತ್ತದೆ ಅದು,
ಜೇಡನ ಕಾಲಿನಷ್ಟು ಸಣ್ಣಗೆ.

ಮೊದಮೊದಲು ಸೀಡಿಗಳನ್ನು ಅಕ್ಕಿ ಡ್ರಮ್ಮಿನಲ್ಲಿ ಹೂತಿಟ್ಟೆ.
ಆಮೇಲೆ ಡಿವಿಡಿ. ನೂರು ವರ್ಷ ಬಾಳಿಕೆ ಎಂದಿತ್ತು ಡಬ್ಬಿಯ ಮೇಲೆ;
ಏಳನೇ ವರ್ಷಕ್ಕೆ ಬೆಳ್ಳಿಯ ಪದರ
ಕಿತ್ತಳೆ ತೊಳೆಯ ಪೊರೆಯಂತೆ ಬೆರಳಿಗೆ ಬಂತು.
ಆಮೇಲೆ ಹಾರ್ಡ್ ಡಿಸ್ಕು.
ಈಗ ಎಲ್ಲವನ್ನೂ ಮೋಡದಲ್ಲಿಡಿ ಅನ್ನುತ್ತಾರೆ.
ಕೊಡಗಿನವನಿಗೆ ಹೇಳುತ್ತಾರೆ, ಮೋಡವನ್ನು ನಂಬು ಅಂತ!

ಬೊಳ್ಳಿ ಬಂದದ್ದು ಸಂತೆಯ ದಿನ,
ಒಣಮೀನಿನ ಪೊಟ್ಟಣವನ್ನು ಬಾಗಿಲಾಚೆಯೇ ಇಟ್ಟು.
ಹದಿನೈದು ವರ್ಷದ ಹಿಂದೆ ಅಮ್ಮತ್ತಿಯಲ್ಲಿ
ಅವಳ ಸಾಹುಕಾರರ ಮನೆ ಮದುವೆ, ಪಟ ತೆಗೆದವನು ನಾನು.
"ಅದರಲ್ಲಿ ನನ್ನ ಮುತ್ತೆ ಇದಾಳೆ" ಎಂದಳು.
ಆಧಾರಿಗೆ ಕೂರಿಸುವ ಮೊದಲೇ ಹೋದವಳು,
ಬೇರೆ ಎಲ್ಲೂ ಒಂದು ಪಟವಿಲ್ಲ.
ಮರುವರ್ಷ ಜ್ವರ. ಅಷ್ಟೇ ಹೇಳಿದಳು.

ನೆನಪಿತ್ತು ನನಗೆ ಆ ರಾತ್ರಿ:
ಮದುಮಗಳ ತಲೆಯ ಮೇಲೆ ನೀರಿನ ಕೊಡ,
ದಾರಿ ಬಿಡದೆ ವಾಲಗಕ್ಕೆ ಕುಣಿಯುವ ನೆಂಟರು,
ಗಂಟೆಗಟ್ಟಲೆ ಮುಂದೊಂದು ಹೆಜ್ಜೆ, ಹಿಂದೊಂದು ಹೆಜ್ಜೆ.
ಹುಡುಗಿ ನೆನಪಿರಲಿಲ್ಲ.
ಆಲ್ಬಮ್ಮಿನ ಪ್ರತಿ ತೆರೆದು ನೋಡಿದೆ:
ಬಾವಿಕಟ್ಟೆಯ ಬದಿಯಲ್ಲಿ ಒಂದು ಮೊಣಕೈ.
ಉಳಿದದ್ದನ್ನು ಕತ್ತರಿಸಿದ್ದು ನಾನೇ,
ಚೌಕಟ್ಟು ಚೊಕ್ಕಟವಾಗಲೆಂದು.

ಕತ್ತರಿಸದ ಮೂಲ ಇದ್ದ ಡಿಸ್ಕು
ಚುಚ್ಚಿದೊಡನೆ ಟಕ್, ಟಕ್, ಟಕ್ ಎಂದಿತು,
ಒಣಮರ ಕುಟ್ಟುವ ಹಕ್ಕಿಯ ಹಾಗೆ. ಆಮೇಲೆ ಅದೂ ಇಲ್ಲ.
ಮೈಸೂರಿನವನು ನಲವತ್ತು ಸಾವಿರ ಕೇಳಿದ.
ಅವಳಿಗೆ ಹೇಳಲಿಲ್ಲ. ಮುಂದಿನ ಸಂತೆಗೆ ಬಾ ಎಂದೆ.

ಕೊನೆಗೆ ಸಿಕ್ಕಿದ್ದು ಮೂಲೆಗೆಸೆದ ಹಳೆ ಕಂಪ್ಯೂಟರಿನಲ್ಲಿ:
ಯಾರೂ ಹೇಳದೆ ಯಂತ್ರ ತಾನೇ ಮಾಡಿಟ್ಟುಕೊಂಡಿದ್ದ
ಗುರುತಿನ ಚಿಕ್ಕ ಚಿತ್ರಗಳು, ಸಾಲುಸಾಲಾಗಿ, ಉಗುರಗಲ.
ಕೊಡ, ಬಾವಿ, ಬಾವಿಯ ಪಕ್ಕ
ಎಳ್ಳುಕಾಳಿನಷ್ಟು ಮುಖ.
ದೊಡ್ಡದು ಮಾಡಿದೆ, ಚೌಕಳಿ ಬಟ್ಟೆಯಾಯಿತು.

"ಕೊಡಿ ಇಕ್ಕಾ" ಎಂದ ರಂಶಾದ್, ಫೋನಿಗೆ ಏರಿಸಿದ.
ಅರೆಗಳಿಗೆ. ಕಣ್ಣು, ರೆಪ್ಪೆ, ಮಿನುಗುವ ಹಲ್ಲು,
ಕೆನ್ನೆಯ ಮೇಲೆ ಬೆಳಕು ಕೂಡ.
ಅಂಗೈಯಗಲ ಅಚ್ಚು ಹಾಕಿ ಬೊಳ್ಳಿಗೆ ಕೊಟ್ಟೆವು.
ಬೆಳಕಿಗೆ ಹಿಡಿದಳು, ತಿರುಗಿಸಿದಳು,
ಮರ್ಯಾದೆಯಿಂದಲೇ ಕೇಳಿದಳು:
"ಚಂದ ಇದೆ. ಯಾರ ಮಗು?"

ಚೌಕಳಿಯದನ್ನೇ ತೋರಿಸಿದೆ, ನಾಚಿಕೆಯಿಂದ.
ಮುಖ ನೋಡಲೇ ಇಲ್ಲ ಅವಳು.
"ನೋಡಿ, ಕಾಲ ಮೇಲೆ ಕಾಲಿಟ್ಟು ನಿಂತಿದಾಳೆ.
ಎಷ್ಟು ಬೈದರೂ ಹಾಗೇ ನಿಲ್ಲೋದು."
ಅಂಚೆಚೀಟಿಯಷ್ಟು ಅಚ್ಚು ಹಾಕಿದೆ, ಸುತ್ತ ಬಿಳಿ ಬಿಟ್ಟು.
ಎಲೆಯಡಿಕೆ ಚೀಲದ ಒಳಜೇಬಿಗೆ ಹೋಯಿತು ಅದು.
ದುಡ್ಡು ಬೇಡವೆಂದರೆ ಕೇಳದೆ
ಮೇಜಿನ ಮೇಲೆ ಹತ್ತು ರೂಪಾಯಿ ಇಟ್ಟಳು.

ಈಗ ಪ್ರತಿಯೊಂದೂ ಮೂರು ಕಡೆ ಇದೆ,
ಒಂದು ಹುಣಸೂರಿನ ತಂಗಿಯ ಬೀರುವಿನಲ್ಲಿ, ಅಲ್ಲಿ ಗಾಳಿ ಒಣ.
ಕತ್ತರಿಸಿದ ಅಂಚುಗಳನ್ನೂ ಇಡುತ್ತೇನೆ:
ಬಡಿಸುವವರು, ಚಾಲಕರು, ಬಾಗಿಲಲ್ಲಿ ನಿಂತ ಮಕ್ಕಳು.
ಫೋಲ್ಡರಿನ ಹೆಸರು 'ಇನ್ಯಾರೋ'.
ಎಷ್ಟು ವರ್ಷ ಉಳಿದೀತು, ನನ್ನನ್ನು ಕೇಳಬೇಡಿ.

ಬೊಳ್ಳಿ ಕೇಳುತ್ತಾಳೆ.
ಸಂತೆಗೆ ಬಂದಾಗಲೆಲ್ಲ ಹದಿನಾರು ಮೆಟ್ಟಿಲು ಹತ್ತಿ,
"ಒಳಗೆ ಇದಾಳಾ ಇನ್ನೂ?"
ತೆರೆದು ತೋರಿಸುತ್ತೇನೆ. ನೋಡಿ ಇಳಿಯುತ್ತಾಳೆ.
ನಿನ್ನೆ ಅವಳು ಹೋದ ಮೇಲೆ ಗಮನಿಸಿದೆ,
ಪೆಟ್ಟಿಗೆಯ ಬಲ್ಬು ಹೋಗಿತ್ತು.
ಅಂಗಡಿ ಮುಚ್ಚುವ ಮೊದಲು ಓಡಿಹೋಗಿ ತಂದೆ.